ನಿಮಗಿದು ಗೊತ್ತೇ? ಕೋರಿ ರೊಟ್ಟಿಯ ಮಗ್ಗುಲಲ್ಲೇ ಕೊರಿಯಾ

ಚಿಕ್ಕಮಗಳೂರಿನ ಬೇಕರಿಯೊಂದರ ಗಾಜಿನ ಪೆಟ್ಟಿಗೆ. ದಿಲ್‌ಪಸಂದ್, ಖಾರಾ ಬನ್, ಹನಿ ಕೇಕುಗಳ ಸಾಲಿನಲ್ಲಿ ಹೊಸದೊಂದು ಚೀಟಿ: ‘ಕೊರಿಯನ್ ಬನ್’. ಕೊಡೆ ಮಡಚಿಕೊಂಡು ಒಳಗೆ ಬಂದ ಹಿರಿಯರೊಬ್ಬರು ಅದನ್ನು ಓದಿ, ‘ಕೋರಿ ಬನ್ನಾ? ಇದಕ್ಕೆ ಕೋಳಿ ಹಾಕ್ತಾರಾ ಮಾರಾಯ್ರೆ?’ ಅಂದರು. ನಗಬೇಡಿ. ಕಳಸದ ಆಚೆ ಘಟ್ಟ ಇಳಿದರೆ ತುಳುನಾಡು. ತುಳುವಿನಲ್ಲಿ ಕೋರಿ ಎಂದರೆ ಕೋಳಿಯೇ. ಕೋರಿ ರೊಟ್ಟಿ ತಿಂದು ಬೆಳೆದವರಿಗೆ ಆ ಅನುಮಾನ ಬರಬೇಕಾದದ್ದೇ.

ಬನ್ನಿನಲ್ಲಿ ಕೋಳಿ ಇರಲಿಲ್ಲ, ಬೆಳ್ಳುಳ್ಳಿ ಬೆಣ್ಣೆಯೂ ಕ್ರೀಮ್ ಚೀಸೂ ಇದ್ದವು. ಅದನ್ನೇ ನೆಪ ಮಾಡಿಕೊಂಡು ಕೊರಿಯಾದ ಬೀದಿಬದಿ ಹೋಟೆಲುಗಳ ಊಟದ ಬೆನ್ನು ಹತ್ತಿದೆ. ಹೋದಂತೆಲ್ಲ ಒಂದು ಗುಮಾನಿ ಬಲವಾಯಿತು. ಈ ಊಟ ನಮ್ಮ ಕಾಫಿ ಸೀಮೆಯವರಿಗೆ ಅಷ್ಟೇನೂ ಹೊಸದಲ್ಲ. ಅವರಿಗೆ ಹಿಮದ ಚಳಿಗಾಲ, ನಮಗೆ ಬಿಡದ ಮಳೆಗಾಲ. ಹಿತ್ತಲಿನಿಂದ ಒಂದು ಸೊಪ್ಪು ಕಿತ್ತು ತರಲಾಗದ ಮೂರು ನಾಲ್ಕು ತಿಂಗಳು ಇಬ್ಬರಿಗೂ ಉಂಟು. ಹೊಟ್ಟೆ ಕಂಡುಕೊಂಡ ಉಪಾಯಗಳೂ ಹೆಚ್ಚುಕಡಿಮೆ ಅವೇ.

ಮೊದಲು ಆ ಬನ್ನಿನ ಊರು. ಅದು ಹುಟ್ಟಿದ್ದು ದಕ್ಷಿಣ ಕೊರಿಯಾದ ಪೂರ್ವ ಕರಾವಳಿಯ ಗಂಗ್‌ನುಂಗ್ ಎಂಬಲ್ಲಿ ಅಂತ ಕೊರಿಯನ್ನರು ಹೇಳುತ್ತಾರೆ. ಆ ಊರಿಗೆ ಇನ್ನೊಂದು ಹೆಸರಿದೆ: ಕೊರಿಯಾದ ಕಾಫಿ ಪಟ್ಟಣ. 2009ರಿಂದ ಅಲ್ಲಿ ಕಾಫಿ ಉತ್ಸವ ನಡೆಯುತ್ತದೆ, ಸಮುದ್ರದಂಡೆಯ ಉದ್ದಕ್ಕೂ ಕಾಫಿ ಅಂಗಡಿಗಳ ಸಾಲೇ ಇದೆ. ಆದರೆ ಬೀಜವೆಲ್ಲ ಹಡಗಿನಲ್ಲಿ ಬರಬೇಕು. ಆ ಚಳಿಗೆ ಬಯಲಿನಲ್ಲಿ ಕಾಫಿ ಗಿಡ ನಿಲ್ಲದು. ಗಿಡವಿಲ್ಲದ ಕಾಫಿ ಪಟ್ಟಣದ ಬನ್ನು, ಗಿಡವಿರುವ ಕಾಫಿ ಪಟ್ಟಣಕ್ಕೆ ಬಂದಿದೆ.

‘ಊಟ ಆಯ್ತಾ?’ ಬೆಂಗಳೂರಿನ ಹೊಸಬರಿಗೆ ನಾವು ಕಲಿಸುವ ಮೊದಲ ಕನ್ನಡ ವಾಕ್ಯ ಇದು. ಕೊರಿಯಾದಲ್ಲೂ ಪರಿಚಯದವರು ಸಿಕ್ಕರೆ ಕೇಳುವುದು ‘ಬಾಪ್ ಮೊಗೊಸ್ಸೊ?’ ಬಾಪ್ ಎಂದರೆ ಅನ್ನ, ಊಟ ಎರಡೂ. ಅನ್ನ ತಿಂದೆಯಾ ಎಂದರೆ ಚೆನ್ನಾಗಿದ್ದೀಯಾ ಎಂದೇ ಅರ್ಥ. ಹೌದು ಅನ್ನಬೇಕು, ಮುಂದೆ ಹೋಗಬೇಕು. ಇಲ್ಲ ಎಂದರೆ ಕೂರಿಸಿ ಬಡಿಸುವ ಅಪಾಯ ಎರಡೂ ಕಡೆ ಇದೆ.

ಹೋಟೆಲಿನಲ್ಲಿ ಬಡಿಸುವ ಹೆಂಗಸನ್ನು ಅಲ್ಲಿ ಏನೆಂದು ಕರೆಯುತ್ತಾರೆ ಗೊತ್ತೇ? ‘ಇಮೊ’. ಅಂದರೆ ಅಮ್ಮನ ಅಕ್ಕತಂಗಿ, ನಮ್ಮ ದೊಡ್ಡಮ್ಮ ಅಥವಾ ಚಿಕ್ಕಮ್ಮ. ಓಣಿಯ ಸಣ್ಣ ಹೋಟೆಲುಗಳಲ್ಲಿ ಈ ಸಂಬೋಧನೆ ಸಾಮಾನ್ಯ. ಮೂಡಿಗೆರೆಯ ಮೆಸ್ಸಿನಲ್ಲಿ ‘ಅಕ್ಕಾ, ಸ್ವಲ್ಪ ಸಾರು’ ಅನ್ನುವಂತೆಯೇ. ಅಕ್ಕ ಅಂದವರಿಗೆ ಸಾರು ಕಡಿಮೆ ಬಿದ್ದದ್ದನ್ನು ನಾನು ಕಂಡಿಲ್ಲ.

ಕೊರಿಯಾದ ಮಕ್ಕಳು ತಂದೆಯನ್ನು ‘ಅಪ್ಪಾ’ ಅನ್ನುತ್ತಾರೆ, ತಾಯಿಯನ್ನು ‘ಒಮ್ಮಾ’ ಅನ್ನುತ್ತಾರೆ. ‘ನಾ’ ಎಂದರೆ ನಾನು. ಕ್ರಿಯಾಪದ ವಾಕ್ಯದ ಕೊನೆಯಲ್ಲೇ ಬರುತ್ತದೆ: ನಾನು, ಅನ್ನ, ತಿಂದೆ. ಹೋಮರ್ ಹಲ್ಬರ್ಟ್ ಎಂಬ ಅಮೆರಿಕದ ಪಾದ್ರಿ ಇದನ್ನೆಲ್ಲ ನೋಡಿ ಬೆರಗಾಗಿ 1905ರಲ್ಲಿ ಕೊರಿಯನ್ ಮತ್ತು ದ್ರಾವಿಡ ಭಾಷೆಗಳ ತೌಲನಿಕ ವ್ಯಾಕರಣವನ್ನೇ ಬರೆದ. ಇಂದಿನ ಭಾಷಾಶಾಸ್ತ್ರಜ್ಞರು ಆ ನಂಟನ್ನು ಒಪ್ಪುವುದಿಲ್ಲ. ಅಪ್ಪ, ಅಮ್ಮನಂಥ ಪದಗಳು ಕೂಸಿನ ತುಟಿಯಲ್ಲಿ ಎಲ್ಲೆಲ್ಲೂ ಹುಟ್ಟುತ್ತವೆ. ಒಪ್ಪದಿದ್ದರೆ ಬೇಡ, ಕೊರಿಯನ್ ಧಾರಾವಾಹಿ ನೋಡುತ್ತ ಕೂತ ನಮ್ಮ ಅಜ್ಜಿಯಂದಿರು ‘ಅಪ್ಪಾ’ ಕೇಳಿದಾಗ ಬೆಚ್ಚುವುದು ಮಾತ್ರ ತಪ್ಪುತ್ತಿಲ್ಲ.

ಧಾರಾವಾಹಿ ಅಂದದ್ದಕ್ಕೆ ನೆನಪಾಯಿತು. ಈ ಕೊರಿಯನ್ ಗಾಳಿ ಭಾರತಕ್ಕೆ ಮೊದಲು ಬಂದದ್ದು ಬೆಂಗಳೂರಿಗೋ ಮುಂಬೈಗೋ ಅಲ್ಲ, ಮಣಿಪುರಕ್ಕೆ. 2000ದ ಸೆಪ್ಟೆಂಬರಿನಲ್ಲಿ ಅಲ್ಲಿನ ಬಂಡುಕೋರ ಸಂಘಟನೆಯೊಂದು ಹಿಂದಿ ಸಿನಿಮಾಗಳಿಗೆ ನಿಷೇಧ ಹಾಕಿತು. ಖಾಲಿ ಬಿದ್ದ ಪರದೆಯನ್ನು ಕೊರಿಯಾದ ‘ಅರಿರಾಂಗ್’ ವಾಹಿನಿಯೂ ಸೀಡಿಗಳೂ ತುಂಬಿದವು. ಅಲ್ಲಿಂದ ಓದಿಗೂ ಕೆಲಸಕ್ಕೂ ಬೆಂಗಳೂರಿಗೆ ಬಂದ ಈಶಾನ್ಯದ ಹುಡುಗ ಹುಡುಗಿಯರು ಆ ರುಚಿಯನ್ನು ಜೊತೆಗೇ ತಂದರು. ಈಗ ನಮ್ಮ ಕಾಫಿ ತೋಟಗಳ ಲೈನುಗಳಲ್ಲೂ ಅಸ್ಸಾಮಿನ ಕಾರ್ಮಿಕರಿದ್ದಾರೆ. ಬಿದಿರ ಮೊಳಕೆಯನ್ನು ಹುಳಿ ಬರಿಸಿ ಅವರು ‘ಖೊರಿಸಾ’ ಅನ್ನುತ್ತಾರೆ, ನಮ್ಮವರು ಆ ಮೊಳಕೆಗೆ ಕಳಲೆ ಅನ್ನುತ್ತಾರೆ. ಸಂತೆಯಲ್ಲಿ ಇಬ್ಬರೂ ಒಂದೇ ಬುಟ್ಟಿಗೆ ಕೈ ಹಾಕುವುದನ್ನು ನೋಡಬೇಕು.

ಇನ್ನೊಂದು ದಾರಿ ಹೆದ್ದಾರಿಯದು. ಕೊರಿಯಾದ ಕಿಯಾ ಕಾರು ಕಂಪನಿ 2017ರ ಏಪ್ರಿಲಿನಲ್ಲಿ ಆಂಧ್ರ ಸರ್ಕಾರದೊಡನೆ ಒಪ್ಪಂದ ಮಾಡಿಕೊಂಡು ಪೆನುಕೊಂಡದ ಬಳಿ ಕಾರ್ಖಾನೆ ಕಟ್ಟಿತು, 2019ರ ಆಗಸ್ಟಿನಲ್ಲಿ ಮೊದಲ ಕಾರು ಮಾರುಕಟ್ಟೆಗೆ ಬಂತು. ಗೌರಿಬಿದನೂರಿನಿಂದ ಅಷ್ಟೇನೂ ದೂರವಲ್ಲದ ಗಡಿನಾಡು ಅದು. 1565ರಲ್ಲಿ ತಾಳಿಕೋಟೆಯಲ್ಲಿ ಸೋತ ವಿಜಯನಗರದ ಅರಸರು ರಾಜಧಾನಿ ಮಾಡಿಕೊಂಡದ್ದು ಇದೇ ಪೆನುಕೊಂಡವನ್ನು. ಈಗ ಆ ಕೋಟೆ ಬೆಟ್ಟದ ಸುತ್ತಮುತ್ತ ಕೊರಿಯನ್ ಲಿಪಿಯ ಬೋರ್ಡುಗಳಿವೆ, ಕೊರಿಯನ್ ಊಟದ ಹೋಟೆಲುಗಳಿವೆ.

ಸರಿ, ಮೇಜಿಗೆ ಬರೋಣ. ಕೊರಿಯನ್ ಹೋಟೆಲಿನಲ್ಲಿ ನೀವು ಕೇಳಿದ್ದು ಬರುವ ಮೊದಲೇ ಕೇಳದ್ದು ನಾಲ್ಕೈದು ಬಟ್ಟಲುಗಳಲ್ಲಿ ಬರುತ್ತದೆ: ಮೊಳಕೆ ಕಾಳು, ಬೇಯಿಸಿದ ಸೊಪ್ಪು, ಮೂಲಂಗಿ, ಕಿಮ್ಚಿ. ಇವಕ್ಕೆ ‘ಬಂಚಾನ್’ ಎಂದು ಹೆಸರು. ದುಡ್ಡಿಲ್ಲ, ಖಾಲಿಯಾದರೆ ಮತ್ತೆ ತಂದಿಡುತ್ತಾರೆ. ಬಾಳೆಲೆಯ ತುದಿಗೆ ಉಪ್ಪು, ಉಪ್ಪಿನಕಾಯಿ, ಕೋಸಂಬರಿ, ಎರಡು ಪಲ್ಯ ಬಡಿಸಿ ಆಮೇಲೆ ಅನ್ನ ತರುವ ನಮ್ಮ ಕ್ರಮವನ್ನು ಬಟ್ಟಲಿಗೆ ಹಾಕಿದಂತೆ. ಮಾಲೀಕರಿಗೆ ಗಿರಾಕಿ ಮೇಲೆ ಪ್ರೀತಿ ಬಂದರೆ ಒಂದು ತಟ್ಟೆ ಹೆಚ್ಚಿಗೆ ಇಟ್ಟು ‘ಸೊಬಿಸು’ ಅನ್ನುತ್ತಾರೆ. ಇಂಗ್ಲಿಷಿನ ಸರ್ವೀಸ್ ಪದವೇ ಅಲ್ಲಿ ‘ನಮ್ಮ ಕಡೆಯಿಂದ ಬಿಟ್ಟಿ’ ಎಂಬ ಅರ್ಥ ಪಡೆದಿದೆ. ನಮ್ಮಲ್ಲಿ ಸರ್ವೀಸ್ ಚಾರ್ಜ್ ಕೊಟ್ಟು ರೂಢಿಯಾದವರು ಅಲ್ಲಿ ಗಲಿಬಿಲಿಯಾಗಬಾರದು.

ಕಿಮ್ಚಿಯ ವಿಚಾರ ದೊಡ್ಡದು, ಕೊಂಚ ಕೂರಬೇಕು.

ಚಳಿಗಾಲಕ್ಕೆ ಮುನ್ನ, ನವೆಂಬರಿನ ಸುಮಾರಿಗೆ, ಕೊರಿಯಾದಲ್ಲಿ ಕೇರಿಯ ಹೆಂಗಸರೆಲ್ಲ ಒಟ್ಟಾಗಿ ರಾಶಿ ರಾಶಿ ಕೋಸು ಉಪ್ಪಿಗೆ ಹಾಕುತ್ತಾರೆ. ಆ ಕೆಲಸದ ಹೆಸರು ‘ಕಿಮ್‌ಜಾಂಗ್’. ಯುನೆಸ್ಕೊ 2013ರಲ್ಲಿ ಇದನ್ನು ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಎರಡು ವರ್ಷ ಬಿಟ್ಟು ಉತ್ತರ ಕೊರಿಯಾದ ಕಿಮ್ಚಿಯೂ ಸೇರಿತು. ಗಡಿಯಲ್ಲಿ ಬಂದೂಕು ಹಿಡಿದು ನಿಂತಿರುವ ಎರಡು ದೇಶಗಳು ಪಟ್ಟಿಯಲ್ಲಿ ಒಂದೇ ಜಾಡಿ ಹಂಚಿಕೊಂಡಿವೆ. ಹಿಂದೆ ಆ ಮಣ್ಣಿನ ಜಾಡಿಗಳನ್ನು ಕುತ್ತಿಗೆ ಮಟ್ಟ ನೆಲದಲ್ಲಿ ಹೂಳುತ್ತಿದ್ದರು, ಹಿಮ ಬಿದ್ದರೂ ಒಳಗಿನದು ಹೆಪ್ಪುಗಟ್ಟಬಾರದೆಂದು. ನಮ್ಮಲ್ಲಿ ಮಳೆ ಹಿಡಿಯುವ ಮುನ್ನ ಮಿಡಿ ಉಪ್ಪಿಗೆ ಹಾಕಿ ಜಾಡಿಯ ಬಾಯಿಗೆ ಬಟ್ಟೆ ಕಟ್ಟುತ್ತಿದ್ದ ಅಜ್ಜಿಗೆ ಕಿಮ್‌ಜಾಂಗ್ ಎಂದರೇನೆಂದು ಬಿಡಿಸಿ ಹೇಳಬೇಕಿರಲಿಲ್ಲ.

ಕಿಮ್ಚಿಯನ್ನು ಹುಳಿ ಮಾಡುವವರು ಯಾರು? ‘ಲ್ಯೂಕೊನಾಸ್ಟಾಕ್ ಮೆಸೆಂಟೆರಾಯ್ಡಿಸ್’ ಎಂಬ ಬಾಯಿಗೆ ಒಗ್ಗದ ಹೆಸರಿನ ಬ್ಯಾಕ್ಟೀರಿಯಾ ಅದರಲ್ಲಿ ಮುಂದಾಳು. ನಿನ್ನೆ ರಾತ್ರಿ ನೀವು ರುಬ್ಬಿಟ್ಟ ಇಡ್ಲಿ ಹಿಟ್ಟು ಬೆಳಿಗ್ಗೆ ಪಾತ್ರೆ ಮೀರಿ ಉಕ್ಕಿತಲ್ಲ, ಅದರ ಹಿಂದಿರುವುದೂ ಇದೇ ಮಹಾಶಯ. ಚಿಕ್ಕಮಗಳೂರಿನ ಟೌನ್ ಕ್ಯಾಂಟೀನಿನ ಮಸಾಲೆ ದೋಸೆಗೂ ದಕ್ಷಿಣ ಕೊರಿಯಾದ ರಾಜಧಾನಿ ಸೋಲ್ ನಗರದ ಕಿಮ್ಚಿಗೂ ಈ ಲೆಕ್ಕದಲ್ಲಿ ಒಂದೇ ಮನೆತನ. ಕೊಟ್ಟಿಗೆಹಾರದ ನೀರ್ ದೋಸೆ ಮಾತ್ರ ಈ ನೆಂಟಸ್ತಿಕೆಯಿಂದ ಹೊರಗೆ. ಅದರ ಹಿಟ್ಟನ್ನು ಹುಳಿ ಬರಿಸುವುದಿಲ್ಲ, ರುಬ್ಬಿ ಹಾಗೇ ಕಾವಲಿಗೆ ಹೊಯ್ಯುತ್ತಾರೆ.

ಕಿಮ್ಚಿಯ ಆ ಕೆಂಪು ಅನಾದಿಯದಲ್ಲ. ಮೆಣಸಿನಕಾಯಿ ಕೊರಿಯಾ ಮುಟ್ಟಿದ್ದು 16ನೇ ಶತಮಾನದ ಕೊನೆಯ ಹೊತ್ತಿಗೆ. 1614ರ ಪುಸ್ತಕವೊಂದರಲ್ಲಿ ಅದರ ಉಲ್ಲೇಖ ಸಿಗುತ್ತದೆ, ಅದೂ ಜಪಾನಿನಿಂದ ಬಂದ ಸಾಸಿವೆಯಂಥದ್ದು ಎಂಬ ಅರ್ಥದ ಹೆಸರಿನಲ್ಲಿ. ನಮಗೂ 16ನೇ ಶತಮಾನದಲ್ಲೇ ಪೋರ್ಚುಗೀಸರು ತಂದರು. ಅಲ್ಲಿಯವರೆಗೆ ಮಲೆನಾಡಿನ ಖಾರವೆಂದರೆ ಮರಕ್ಕೆ ಹಬ್ಬಿದ ಕಾಳುಮೆಣಸು ಒಂದೇ. ಹೊಸ ಖಾರಕ್ಕೆ ಬೇರೆ ಹೆಸರು ಹುಡುಕದೆ ಮೆಣಸಿಗೆ ‘ಕಾಯಿ’ ಸೇರಿಸಿ ಮುಗಿಸಿದೆವು. ಹಳೆಯದು ಹೊಸದಕ್ಕೆ ದಾರಿ ಬಿಟ್ಟು ತಾನು ‘ಕಾಳುಮೆಣಸು’ ಅನ್ನಿಸಿಕೊಂಡಿತು.

ಮನೆಯಲ್ಲಿ ಕಿಮ್ಚಿ ಮಾಡುವವರಿಗೊಂದು ಕಿವಿಮಾತು. ಕೊರಿಯಾದ ಮೆಣಸಿನ ಪುಡಿಗೆ ಖಾರ ಕಡಿಮೆ, ಬಣ್ಣ ಜಾಸ್ತಿ. ಈ ಗುಣ ಕೇಳಿದ ಕೂಡಲೇ ಹಾವೇರಿ ಕಡೆಯವರು ಕೈ ಎತ್ತುತ್ತಾರೆ. 2011ರಲ್ಲಿ ಭೌಗೋಳಿಕ ಗುರುತು ಪಡೆದ ಬ್ಯಾಡಗಿ ಮೆಣಸಿನಕಾಯಿಯ ಹೆಚ್ಚುಗಾರಿಕೆಯೂ ಅದೇ. ಬೀಜ ತೆಗೆದು ತರಿತರಿಯಾಗಿ ಪುಡಿ ಮಾಡಿ ಹಾಕಿ, ದುಬಾರಿ ಪೊಟ್ಟಣ ತರಿಸಬೇಕಿಲ್ಲ. ಗುಂಟೂರು ಹಾಕಿದಿರೋ, ಮುಂದಿನದಕ್ಕೆ ನಾನು ಹೊಣೆಯಲ್ಲ.

ಶುದ್ಧ ಸಸ್ಯಾಹಾರಿಗಳು ಗಮನಿಸಿ: ಕೋಸಿನ ಉಪ್ಪಿನಕಾಯಿ ತಾನೇ ಎಂದು ಬಾಯಿಗೆ ಹಾಕಿಕೊಳ್ಳುವ ಮೊದಲು ಕೇಳಿಕೊಳ್ಳಿ. ಸಾಂಪ್ರದಾಯಿಕ ಕಿಮ್ಚಿಗೆ ಉಪ್ಪಿನಲ್ಲಿ ಕಳಿಸಿದ ಸೀಗಡಿ ಅಥವಾ ಮೀನಿನ ರಸ ಬೀಳುತ್ತದೆ.

ಕಿಮ್ಚಿ ಅಂತರಿಕ್ಷಕ್ಕೂ ಹೋಗಿ ಬಂದಿದೆ. 2008ರ ಏಪ್ರಿಲಿನಲ್ಲಿ ಕೊರಿಯಾದ ಮೊದಲ ಗಗನಯಾತ್ರಿ ಯಿ ಸೊ-ಯೋನ್ ಒಯ್ದರು. ಬ್ಯಾಕ್ಟೀರಿಯಾವನ್ನೆಲ್ಲ ಮೊದಲೇ ಕೊಂದು ಕಳಿಸಿದ್ದರಂತೆ. ಪಾಪ.

ಕಾಡು ಹೊಕ್ಕರೆ ನಂಟು ಇನ್ನೂ ಗಟ್ಟಿ. ಜೂನ್ ಜುಲೈ ಮಳೆಗೆ ಬಿದಿರುಮೆಳೆಯಲ್ಲಿ ಏಳುವ ಕಳಲೆಯನ್ನು ಹಾಗೇ ತಿಂದರೆ ವಿಷ. ಅದರಲ್ಲಿ ಸಯನೈಡ್ ಬಿಡುವ ಅಂಶವಿದೆ. ಹೆಚ್ಚಿ ನೀರಲ್ಲಿ ಹಾಕಿ, ದಿನಾ ನೀರು ಬದಲಿಸಿ, ಮೂರು ದಿನವಾದ ಮೇಲೇ ಪಲ್ಯ. ಕೊರಿಯಾದ ಗುಡ್ಡಗಾಡಿನವರು ಜರಿಗಿಡದ ಸುರುಳಿ ಚಿಗುರನ್ನು ಹೀಗೇ ಪಳಗಿಸುತ್ತಾರೆ: ಕುದಿಸು, ನೀರು ಚೆಲ್ಲು, ಒಣಗಿಸು, ಬೇಕಾದಾಗ ನೆನೆಸು. ಜರಿಯ ಚಿಗುರು ಕೊಡಗಿನಲ್ಲೂ ಊಟಕ್ಕೆ ಬರುತ್ತದೆ, ಅದರ ಹೆಸರು ಥೆರ್ಮೆ. ಕಳಲೆಯನ್ನು ಮೊದಲ ಸಲ ತಿಂದವರು ಯಾರೋ, ಮೂರನೆಯ ದಿನದವರೆಗೆ ಕಾಯಬೇಕೆಂದು ಕಂಡುಕೊಂಡವರು ಯಾರೋ. ನಡುವೆ ಎಷ್ಟು ಹೊಟ್ಟೆಗಳು ಕೆಟ್ಟವೋ.

ಕೆಸುವಿಗೂ ಅಲ್ಲಿ ಮರ್ಯಾದೆ ಇದೆ. ನಾವು ಎಲೆಯನ್ನು ಹಿಡಿದೆವು, ಹಿಟ್ಟು ಸವರಿ ಸುತ್ತಿ ಪತ್ರೊಡೆ ಮಾಡಿದೆವು. ಅವರು ಗೆಡ್ಡೆಯನ್ನು ಹಿಡಿದರು. ಸುಗ್ಗಿಯ ಹುಣ್ಣಿಮೆಯ ಹಬ್ಬ ಚುಸೊಕ್‌ಗೆ ಕೆಸುವಿನ ಗೆಡ್ಡೆಯ ಸಾರು ಮಾಡುತ್ತಾರೆ.

ಅದೇ ಹಬ್ಬದ ಇನ್ನೊಂದು ತಿಂಡಿ ಕೇಳಿದರೆ ನಾಗರಪಂಚಮಿ ನೆನಪಾಗದೆ ಇರದು. ಅಕ್ಕಿ ಹಿಟ್ಟನ್ನು ಬಿಸಿನೀರಲ್ಲಿ ಕಲಸಿ, ಒಳಗೆ ಎಳ್ಳು, ಜೇನು ಅಥವಾ ಕಾಳಿನ ಹೂರಣ ಇಟ್ಟು, ಅರ್ಧಚಂದ್ರದಂತೆ ಮಡಚಿ ಹಬೆಯಲ್ಲಿ ಬೇಯಿಸುತ್ತಾರೆ. ಹೆಸರು ‘ಸೊಂಗ್‌ಪ್ಯೊನ್’. ಹಬೆಪಾತ್ರೆಯ ತಳಕ್ಕೆ ಪೈನ್ ಮರದ ಸೂಜಿ ಎಲೆ ಹಾಸುತ್ತಾರೆ, ಕಡುಬು ಅಂಟಬಾರದು ಮತ್ತು ಘಮ ಹಿಡಿಯಬೇಕು. ನಾವು ಅರಿಶಿನದ ಎಲೆಯಲ್ಲಿ ಕಾಯಿಬೆಲ್ಲ ಇಟ್ಟು ಮಡಚುವುದೂ ಆ ಎರಡು ಕಾರಣಕ್ಕೇ. ಹಬೆಪಾತ್ರೆಯ ಮುಚ್ಚಳ ತೆಗೆದಾಗ ಮನೆಯಿಡೀ ತುಂಬುವ ಆ ಹಸಿರು ವಾಸನೆ ಪೈನ್ ಎಲೆಯದಾದರೆ ಹೇಗಿರುತ್ತದೋ. ಒಮ್ಮೆ ಮೂಸಬೇಕೆಂಬ ಆಸೆ ನನಗೂ ಇದೆ.

ಒತ್ತು ಶ್ಯಾವಿಗೆ ಗೊತ್ತಲ್ಲ? ಹಿಟ್ಟಿನ ಉಂಡೆ ಬೇಯಿಸಿ, ಬಿಸಿಯಿರುವಾಗಲೇ ಒರಳಿಗೆ ತುಂಬಿ, ಸನ್ನೆಗೆ ಒಬ್ಬರು ಭಾರ ಹಾಕಿ ಜೋತುಬೀಳಬೇಕು. ಮಕ್ಕಳಿಗೆ ಉಯ್ಯಾಲೆ, ದೊಡ್ಡವರಿಗೆ ಬೆನ್ನುನೋವು. ಕೊರಿಯಾದಲ್ಲೂ ಅಂಥದೇ ಮರದ ಒತ್ತುಗೆ ಇತ್ತು. ಅವರು ಅದನ್ನು ಕುದಿಯುವ ನೀರಿನ ಹಂಡೆಯ ಮೇಲೇ ಕೂರಿಸಿ ಹಸಿ ಹಿಟ್ಟಿನ ಎಳೆ ನೇರ ನೀರಿಗೆ ಬೀಳುವಂತೆ ಒತ್ತುತ್ತಿದ್ದರು. ನಮ್ಮಲ್ಲಿ ಬೆಂದು ಎಳೆಯಾಗುತ್ತದೆ, ಅವರಲ್ಲಿ ಎಳೆಯಾಗಿ ಬೇಯುತ್ತದೆ. ಅದನ್ನು ಮಂಜುಗಡ್ಡೆ ತೇಲುವ ಸಾರಿನಲ್ಲಿ ಹಾಕಿ ಕೊಡುತ್ತಾರೆ, ಜೊತೆಗೊಂದು ಕತ್ತರಿ. ದರ್ಜಿಯ ಕತ್ತರಿಯಂಥದೇ! ಶ್ಯಾವಿಗೆಗೂ ಮಾಂಸಕ್ಕೂ ಮೇಜಿನ ಮೇಲೇ ಕತ್ತರಿ ಆಡುತ್ತದೆ.

‘ಬಿಬಿಂಬಾಪ್’ ಎಂದು ಮೆನುವಿನಲ್ಲಿ ಕಂಡರೆ ಗಾಬರಿ ಬೇಡ. ಬಿಬಿಮ್ ಎಂದರೆ ಕಲಸಿದ, ಬಾಪ್ ಎಂದರೆ ಅನ್ನ. ಕಲಸನ್ನ, ಅಷ್ಟೇ. ಕೆಲವೆಡೆ ಅದನ್ನು ಕಾದ ಕಲ್ಲಿನ ಬಟ್ಟಲಿನಲ್ಲಿ ಕೊಡುತ್ತಾರೆ, ತಳದ ಅನ್ನ ಗರಿಗರಿ ಹಿಡಿಯುತ್ತದೆ. ಕಲ್ಲಿನ ಮರಿಗೆಯಲ್ಲಿ ಹುಳಿ ಕುದಿಸಿದ ಹಳೆಯ ಮಲೆನಾಡಿನ ಮನೆಗಳಿಗೆ ಇದರ ಗುಟ್ಟು ಗೊತ್ತು: ಮೆತ್ತನೆಯ ಬಳಪದ ಕಲ್ಲು ನಿಧಾನ ಕಾಯುತ್ತದೆ, ನಿಧಾನ ಆರುತ್ತದೆ. ಚಿಕ್ಕಮಗಳೂರಿನಿಂದ ಅರ್ಧ ಗಂಟೆಯ ದಾರಿಯ ಬೇಲೂರಿನಲ್ಲಿ ಹೊಯ್ಸಳರ ಶಿಲ್ಪಿಗಳು ಶಿಲಾಬಾಲಿಕೆಯರನ್ನು ಕಡೆದದ್ದೂ ಬಳಪದ ಕಲ್ಲಿನಲ್ಲೇ. ತಳ ಹಿಡಿದ ಅನ್ನಕ್ಕೆ ನಮ್ಮಲ್ಲಿ ಬೈಗುಳ ಸಿಗುತ್ತದೆ. ಅಲ್ಲಿ ಅದಕ್ಕೆ ‘ನುರುಂಗ್‌ಜಿ’ ಎಂಬ ಹೆಸರಿದೆ, ನೀರು ಹೊಯ್ದು ಕುದಿಸಿ ಊಟದ ಕೊನೆಗೆ ಕುಡಿಯುತ್ತಾರೆ.

ಈಗ ಅನ್ನದ ಬಟ್ಟಲನ್ನೇ ನೋಡಿ. ಕೊರಿಯಾದ ಯಾವ ಊರಿನ ಹೋಟೆಲಿಗೆ ಹೋದರೂ ಮುಚ್ಚಳವಿರುವ ಅದೇ ಸ್ಟೀಲ್ ಬಟ್ಟಲು, ಅದೇ ಅಳತೆ. ಕಾಕತಾಳೀಯವಲ್ಲ, ಸರ್ಕಾರದ ಆಜ್ಞೆ. 1970ರ ದಶಕದಲ್ಲಿ ಅಕ್ಕಿಗೆ ಬರ ಬಂದಾಗ ಬಟ್ಟಲಿನ ಅಗಲ 10.5 ಸೆಂಟಿಮೀಟರ್, ಎತ್ತರ 6 ಸೆಂಟಿಮೀಟರ್ ಎಂದು ಗೊತ್ತುಮಾಡಿದರು. ಅದಕ್ಕೂ ಮೊದಲೇ, 1969ರಿಂದ, ಬುಧವಾರ ಮತ್ತು ಶನಿವಾರ ಮಧ್ಯಾಹ್ನದ ಹೊತ್ತು ಹೋಟೆಲಿನಲ್ಲಿ ಅನ್ನ ಮಾರುವಂತಿರಲಿಲ್ಲ. ಶಾಲೆಗಳಲ್ಲಿ ಮೇಷ್ಟ್ರು ಮಕ್ಕಳ ಬುತ್ತಿಯ ಮುಚ್ಚಳ ತೆಗೆಸಿ ಅನ್ನದಲ್ಲಿ ಬಾರ್ಲಿ ಬೆರೆಸಿದ್ದಾರೋ ಇಲ್ಲವೋ ನೋಡುತ್ತಿದ್ದರು. ಬರಿ ಬಿಳಿ ಅನ್ನ ತಂದವರಿಗೆ ಶಿಕ್ಷೆ.

ವಿಚಿತ್ರವೆನಿಸಿತೇ? 1965ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಸೋಮವಾರ ರಾತ್ರಿ ಒಂದು ಹೊತ್ತಿನ ಊಟ ಬಿಡಿ ಎಂದಾಗ ನಮ್ಮ ಹೋಟೆಲುಗಳೂ ಬಾಗಿಲು ಹಾಕಿದ್ದವು. ಎರಡನೇ ಮಹಾಯುದ್ಧದಲ್ಲಿ ಅಕ್ಕಿ ಸಿಗದೆ ರವೆಯಲ್ಲಿ ಇಡ್ಲಿ ಮಾಡಿದೆವು, ರವೆ ಇಡ್ಲಿ ಹುಟ್ಟಿದ್ದು ಹಾಗೆ ಎಂಬುದು ಎಂಟಿಆರ್‌ನವರು ಹೇಳಿಕೊಂಡು ಬಂದ ಕತೆ. ಅಕ್ಕಿ ತಿನ್ನುವ ಎರಡೂ ದೇಶಗಳಿಗೆ 1950ರ ದಶಕದಲ್ಲಿ ಅಮೆರಿಕದಿಂದ ಬಂದದ್ದು ಗೋಧಿ, ಪಿ.ಎಲ್. 480 ಎಂಬ ಒಂದೇ ಕಾಯಿದೆಯ ಕೆಳಗೆ. ನಮ್ಮ ಹಿರಿಯರು ಅದನ್ನು ಬೈಯುತ್ತ ಚಪಾತಿ ಲಟ್ಟಿಸಿದರು. ಕೊರಿಯನ್ನರು ಅದರಿಂದ ಒಂದು ಹೊಸ ಬಗೆಯ ಹೋಟೆಲನ್ನೇ ಹುಟ್ಟಿಸಿದರು. ‘ಬುನ್‌ಶಿಕ್’, ಅಂದರೆ ಹಿಟ್ಟಿನ ತಿಂಡಿ, ಮಾರುವ ಓಣಿಯಂಗಡಿ. ಶಾಲೆ ಬಿಟ್ಟ ಮಕ್ಕಳು ನುಗ್ಗುವ, ನಾಲ್ಕು ಮೇಜಿನ, ಅಗ್ಗದ ಜಾಗ. ಇವತ್ತು ಇಲ್ಲಿನ ಕೆಫೆಗಳಲ್ಲಿ ಹೋಂಸ್ಟೇಗೆ ಬಂದವರು ಬೆಲೆ ನೋಡದೆ ಆರ್ಡರ್ ಮಾಡುವ ಕೊರಿಯನ್ ತಿಂಡಿಯೆಲ್ಲ ಬಹುಪಾಲು ಈ ಬಡ ಅಂಗಡಿಯದು.

ಅಲ್ಲಿನ ರಾಣಿ ‘ತೊಕ್ಪೊಕ್ಕಿ’. ಬೆರಳು ಗಾತ್ರದ ಅಕ್ಕಿ ಕಡುಬು, ಕೆಂಪು ಗೊಜ್ಜು. ಅರಮನೆಯಲ್ಲಿ ಸೋಯಾ ರಸದಲ್ಲಿ ಮಾಡುತ್ತಿದ್ದ ಸಪ್ಪೆ ತಿಂಡಿಗೆ ಮೆಣಸಿನ ಗೊಜ್ಜು ಸುರಿದವರು ಮಾ ಬೊಕ್-ರಿಮ್ ಎಂಬಾಕೆ. 1953ರಲ್ಲಿ ಸೋಲ್‌ನ ಸಿನ್‌ದಾಂಗ್ ಬೀದಿಯಲ್ಲಿ. ಕೊರಿಯಾ ಯುದ್ಧ ನಿಂತ ವರ್ಷ ಅದು.

ಯುದ್ಧ ಎಂದಾಗ ಇನ್ನೊಂದು ಕಾಫಿ ಜಿಲ್ಲೆ ಕೊಡಗಿನ ಒಬ್ಬರನ್ನು ಬಿಟ್ಟು ಮುಂದೆ ಹೋಗಲಾಗದು. 1953ರಲ್ಲಿ ಕದನ ನಿಂತಾಗ ತಾಯ್ನಾಡಿಗೆ ಮರಳಲೊಲ್ಲದ 22,000ಕ್ಕೂ ಹೆಚ್ಚು ಯುದ್ಧಕೈದಿಗಳನ್ನು ಏನು ಮಾಡುವುದೆಂಬ ಕಗ್ಗಂಟು ಬಿಡಿಸಲು ತಟಸ್ಥ ರಾಷ್ಟ್ರಗಳ ಆಯೋಗ ರಚನೆಯಾಯಿತು. ಅಧ್ಯಕ್ಷರು 1906ರಲ್ಲಿ ಮಡಿಕೇರಿಯಲ್ಲಿ ಹುಟ್ಟಿದ ಕೊಡಂದೇರ ಸುಬ್ಬಯ್ಯ ತಿಮ್ಮಯ್ಯ. ಎರಡೂ ಕಡೆ ಸೇರಲೊಲ್ಲದ 88 ಮಂದಿ ಕೈದಿಗಳು ಹಡಗು ಹತ್ತಿ ಭಾರತಕ್ಕೆ ಬಂದರು. ತಿಮ್ಮಯ್ಯನವರ ಮಡಿಕೇರಿಯ ಮನೆ ‘ಸನ್ನಿ ಸೈಡ್’ 2021ರಿಂದ ವಸ್ತುಸಂಗ್ರಹಾಲಯ. ಆ ಹೊತ್ತಿನ ಕೊರಿಯಾದಲ್ಲಿ ಅಮೆರಿಕದ ಸೇನಾ ಶಿಬಿರಗಳಿಂದ ಸಿಕ್ಕ ಡಬ್ಬಿ ಮಾಂಸ, ಸಾಸೇಜುಗಳನ್ನು ಕಿಮ್ಚಿಯೊಡನೆ ಕುದಿಸಿ ಜನ ಹೊಟ್ಟೆ ಹೊರೆದರು. ‘ಬುದೆ ಜ್ಜಿಗೆ’, ಸೇನಾ ಶಿಬಿರದ ಸಾರು ಎಂಬ ಹೆಸರಿನಲ್ಲಿ ಅದು ಈಗಲೂ ಮೆನುವಿನಲ್ಲಿದೆ. ಜ್ಜಿಗೆ ಎಂದಿದ್ದಕ್ಕೆ ಮಜ್ಜಿಗೆ ಬರುತ್ತದೆಂದು ಕಾಯಬೇಡಿ.

ಹಂದಿಯ ವಿಷಯದಲ್ಲಿ ಮೂಡಿಗೆರೆಯವರಿಗೆ ಪಾಠ ಬೇಡ, ಕಡುಬಿನ ಜೊತೆಗೋ ಅಕ್ಕಿರೊಟ್ಟಿಯ ಜೊತೆಗೋ ಎಂಬುದಷ್ಟೇ ಚರ್ಚೆ. ಕೊರಿಯನ್ನರ ‘ಸಮ್‌ಗ್ಯೊಪ್ಸಲ್’ ಎಂದರೆ ಮೂರು ಪದರದ ಮಾಂಸ. ಮೂರು ಪದರವೆಂದು ಮಾರ್ಚ್ 3ನೇ ತಾರೀಕನ್ನು ಅದರ ದಿನ ಮಾಡಿಕೊಂಡಿದ್ದಾರೆ.

ಜೊತೆಗೆ ಕುಡಿಯುವ ‘ಸೋಜು’ವಿನ ಬಟ್ಟಿಯ ವಿದ್ಯೆ 13ನೇ ಶತಮಾನದಲ್ಲಿ ಮಂಗೋಲರ ಜೊತೆ ಬಂತು, ಮಂಗೋಲರಿಗೆ ಪಶ್ಚಿಮ ಏಷ್ಯಾದಿಂದ. ಕೇಸಾಂಗ್ ಊರಿನಲ್ಲಿ ಅದನ್ನು ‘ಅರಕ್‌ಜು’ ಅನ್ನುತ್ತಿದ್ದರು. ಅದೇ ಅರಬ್ಬಿ ಅರಕ್, ಇಂಗ್ಲಿಷಿನಲ್ಲಿ ‘ಅರ್ಯಾಕ್’ ಆಗಿ ನಮ್ಮ ಅಬಕಾರಿ ಕಡತಗಳಿಗೆ ಬಂದು, 2007ರ ಜುಲೈ 1ರಿಂದ ಕರ್ನಾಟಕದಲ್ಲಿ ನಿಷೇಧವಾದ ಸಾರಾಯಿ.

ಮಡಿಯವರಿಗೂ ಕೊರಿಯಾದಲ್ಲಿ ಜಾಗವಿದೆ. ಬೌದ್ಧ ಮಠಗಳ ಅಡುಗೆಗೆ ಮಾಂಸವಿಲ್ಲ, ಬೆಳ್ಳುಳ್ಳಿ ಈರುಳ್ಳಿ ಜಾತಿಯದೂ ಇಲ್ಲ. ಬೆಳ್ಳುಳ್ಳಿಯೂ ಸೇರಿ ವರ್ಜ್ಯ ಪದಾರ್ಥಗಳು ಐದು. ಐದನೆಯದು ‘ಹುಂಗೊ’, ಸಂಸ್ಕೃತದ ‘ಹಿಂಗು’ವೇ ಚೀನಾ ದಾಟುವಾಗ ಸವೆದು ಆದ ರೂಪ. ಅಂದರೆ ಇಂಗು! ನಾವು ಈರುಳ್ಳಿ ಬಿಟ್ಟಿದ್ದಕ್ಕೆ ಸಮಾಧಾನವೆಂದು ಹಾಕಿಕೊಳ್ಳುವ ಇಂಗನ್ನೇ ಅವರು ಈರುಳ್ಳಿಯ ಪಕ್ಕ ನಿಲ್ಲಿಸಿ ಹೊರಗಿಟ್ಟಿದ್ದಾರೆ. ಇಂಗು ಬೆಳೆಯದ ನಾಡಿನಲ್ಲಿ ಇಂಗು ಬಿಡುವುದು ಸುಲಭದ ವ್ರತ ಬಿಡಿ. ಅಲ್ಲಿನ ಭಿಕ್ಷುಗಳು ಊಟವಾದ ಮೇಲೆ ಒಂದು ಹೋಳು ಮೂಲಂಗಿಯಿಂದ ಬಟ್ಟಲನ್ನು ಒರೆಸಿ, ತೊಳೆದ ನೀರನ್ನೂ ಕುಡಿಯುತ್ತಾರೆ. ಹೊರನಾಡಿನ ಅನ್ನಪೂರ್ಣೇಶ್ವರಿಯ ಪಂಕ್ತಿಯಲ್ಲಿ ಎಲೆಯ ಮೇಲೆ ಅನ್ನ ಬಿಟ್ಟೇಳುವವರನ್ನು ಕಂಡಾಗ ನನಗೆ ಆ ಮೂಲಂಗಿ ಹೋಳು ಕಣ್ಣಿಗೆ ಬರುತ್ತದೆ.

ರಾಮ್ಯೊನ್, ಅಂದರೆ ದಿಢೀರ್ ಶ್ಯಾವಿಗೆ, ಕೊರಿಯಾದಲ್ಲಿ ಶುರುವಾದದ್ದು 1963ರಲ್ಲಿ, ಅದೂ ಹಸಿವು ನೀಗಲೆಂದು. ಈಗ ಅಲ್ಲಿ ತಲೆಗೆ ವರ್ಷಕ್ಕೆ 70ಕ್ಕೂ ಮೀರಿ ಪೊಟ್ಟಣ ಖರ್ಚು. ಅದರ ಮೂರು ಖಾರದ ಬಗೆಗಳನ್ನು 2024ರ ಜೂನಿನಲ್ಲಿ ಡೆನ್ಮಾರ್ಕ್ ಸರ್ಕಾರ ಅಪಾಯಕಾರಿ ಎಂದು ಅಂಗಡಿಗಳಿಂದ ವಾಪಸು ತೆಗೆಸಿತು. ನಮ್ಮ ಮ್ಯಾಗಿ 1983ರದು. ನಂಜನಗೂಡಿನ ನೆಸ್ಲೆ ಕಾರ್ಖಾನೆಯಲ್ಲಿ ಮ್ಯಾಗಿಯೂ ಆಗುತ್ತದೆ, ದಿಢೀರ್ ಕಾಫಿ ಪುಡಿಯೂ ಆಗುತ್ತದೆ.

ಕೊನೆಗೆ ಕಾಫಿ ಕುಡಿಯದೆ ಏಳುವಂತಿಲ್ಲ. ಬಾಬಾ ಬುಡನ್ ಯೆಮೆನ್ನಿನಿಂದ ಏಳು ಬೀಜ ತಂದು ನಮ್ಮ ಗಿರಿಯಲ್ಲಿ ಊರಿದ್ದು 17ನೇ ಶತಮಾನದ ಮಾತು. ಕೊರಿಯಾಕ್ಕೆ ಕಾಫಿ ಮುಟ್ಟಿದ್ದು ಅದಾಗಿ ಇನ್ನೂರು ವರ್ಷದ ಮೇಲೆ. 1896ರಲ್ಲಿ ರಷ್ಯದ ರಾಯಭಾರ ಕಚೇರಿಯಲ್ಲಿ ಆಶ್ರಯ ಪಡೆದಿದ್ದ ರಾಜ ಗೊಜೊಂಗ್ ಮೊದಲು ಕುಡಿದನೆಂಬ ಕತೆ ಜನಜನಿತ. ಆದರೆ ಮಂಗಳ ಗ್ರಹದಲ್ಲಿ ಕಾಲುವೆಗಳಿವೆ ಎಂದು ಹೇಳಿ ಆಮೇಲೆ ಹೆಸರಾದ ಪರ್ಸಿವಲ್ ಲೊವೆಲ್, 1884ರ ಚಳಿಗಾಲದಲ್ಲೇ ಸೋಲ್‌ನಲ್ಲಿ ತನಗೆ ಕಾಫಿ ಕೊಟ್ಟರೆಂದು ಬರೆದಿಟ್ಟಿದ್ದಾನೆ. ಮಂಗಳದ ಕಾಲುವೆ ಸುಳ್ಳಾಯಿತು, ಕಾಫಿಯ ಮಾತು ನಿಂತಿತು.

ಪುಡಿ, ಸಕ್ಕರೆ, ಹಾಲಿನ ಪುಡಿ ಮೂರೂ ಸೇರಿದ ಒಂದು ಲೋಟದ ಪೊಟ್ಟಣ 1976ರಲ್ಲಿ ಕೊರಿಯಾದ ಡೊಂಗ್‌ಸೊ ಕಂಪನಿ ಹೊರತಂದದ್ದು. 2020ರ ಲಾಕ್‌ಡೌನಿನಲ್ಲಿ ಜಗತ್ತೆಲ್ಲ ಕೈ ನೋಯುವಂತೆ ಕದಡಿದ ‘ದಲ್ಗೋನಾ ಕಾಫಿ’ಗೆ ಹೆಸರು ಕೊರಿಯಾದ ಸಕ್ಕರೆ ಮಿಠಾಯಿಯದು. ಪುಡಿಗೆ ಸಕ್ಕರೆ, ಎರಡು ಹನಿ ನೀರು ಹಾಕಿ ಚಮಚೆಯಲ್ಲಿ ನೊರೆ ಬರುವಂತೆ ತಿಕ್ಕುವ ವಿದ್ಯೆ ಮಾತ್ರ ನಮ್ಮ ಹಾಸ್ಟೆಲ್ ಹುಡುಗರಿಗೆ ಎಂದಿನಿಂದಲೂ ಗೊತ್ತು. ಕಾಫಿ ಕುಡಿಯುವ ಜಾಗವನ್ನೇ ವ್ಯಾಪಾರ ಮಾಡುವುದರಲ್ಲಿ ಸೋಲ್‌ನ ಸ್ಟಾರ್‌ಬಕ್ಸಿಗಿಂತ ನಾವು ಕೊಂಚ ಮುಂದೆ ಎನ್ನಬಹುದೇನೋ: ಚಿಕ್ಕಮಗಳೂರಿನ ತೋಟಗಾರರ ಮನೆತನದ ವಿ.ಜಿ. ಸಿದ್ಧಾರ್ಥ ಅವರ ಮೊದಲ ಕೆಫೆ ಕಾಫಿ ಡೇ ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ ತೆರೆದದ್ದು 1996ರಲ್ಲಿ, ಸ್ಟಾರ್‌ಬಕ್ಸ್ ಸೋಲ್‌ಗೆ ಬಂದದ್ದು 1999ರಲ್ಲಿ.

ಕೊರಿಯನ್ನರ ಒಂದು ಚಟ ಮಾತ್ರ ನಮ್ಮ ಸೀಮೆಗೆ ಒಗ್ಗುವಂತಿಲ್ಲ. ಹೊರಗೆ ಹಿಮ ಸುರಿಯುತ್ತಿದ್ದರೂ ಅವರಿಗೆ ಐಸ್ ಹಾಕಿದ ಕಪ್ಪು ಕಾಫಿಯೇ ಬೇಕು. ‘ಮರಗಟ್ಟಿ ಸತ್ತರೂ ಐಸ್ ಅಮೆರಿಕಾನೊ’ ಎಂಬ ಮಾತೇ ಇದೆ, ಅದನ್ನು ‘ಒಲ್‌ಜುಗಾ’ ಎಂದು ಮೂರಕ್ಷರಕ್ಕೆ ಇಳಿಸಿದ್ದಾರೆ. ಕುತೂಹಲಕ್ಕೆ ನಾನೂ ಕಳೆದ ಆಷಾಢದಲ್ಲಿ ಕೊಟ್ಟಿಗೆಹಾರದ ಕಡೆಯ ಒಂದು ಗೂಡಂಗಡಿಯಲ್ಲಿ ‘ಕಾಫಿಗೆ ಐಸ್ ಹಾಕಿ ಕೊಡ್ತೀರಾ?’ ಎಂದು ಕೇಳಿದೆ. ಒಲೆಯ ಮುಂದೆ ಕೂತಿದ್ದ ಅಮ್ಮ ನನ್ನನ್ನು ಮೇಲಿಂದ ಕೆಳಗೆ ನೋಡಿದರು.

‘ಐಸಾ? ಕರೆಂಟ್ ಹೋಗಿ ಮೂರು ದಿನ ಆಯ್ತು. ಬೆಲ್ಲದ ಕಾಫಿ ಇದೆ, ಕುಡೀರಿ. ಊಟ ಆಯ್ತಾ?’